ಮಹಡಿ ಮೇಲೊಂದು ಜರ್ಮನಿ

ಮೊನ್ನೆ ಮುಳಬಾಗಿಲಿನಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದೆ. ಬಡಿಸುವವನು ಎರಡನೇ ಸುತ್ತು ಹೋಳಿಗೆ ತಂದ. ಎಲೆಗೆ ಕೈ ಅಡ್ಡ ಹಿಡಿದು, ತಲೆಯನ್ನೂ ಬೇಕಾದಷ್ಟು ಅಲ್ಲಾಡಿಸಿ, “ಬೇಡ ಬೇಡ” ಎಂದೆ. ಅವನು ನಂಬಿಬಿಟ್ಟ! “ಸರಿ ಅಕ್ಕಾ” ಎಂದು ಮುಂದಿನ ಎಲೆಗೆ ದಾಟಿದ. ಅಲ್ಲಿ ಕೂತಿದ್ದ ಹಿರಿಯ ಹೆಂಗಸು ನನಗಿಂತ ಜೋರಾಗಿ ಬೇಡ ಎಂದರು. ಅವರನ್ನೂ ನಂಬಿದ. ಆಕೆ ಹೋಳಿಗೆ ಹೋದ ದಿಕ್ಕನ್ನೇ ನೋಡುತ್ತಾ, “ಎಲ್ಲಿಂದ ಹಿಡ್ಕೊಂಡ್ ಬಂದವ್ರಮ್ಮಾ ಇವ್ನನ್ನ? ಒಂದ್ ಮಾತು ಬಲವಂತ ಮಾಡಕ್ಕೂ ಬರಲ್ವಲ್ಲ” ಎಂದರು.

ನಮ್ಮ ಕೋಲಾರದ ಕಡೆಯವರಿಗೆ ಆಕೆಯ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ನಮ್ಮಲ್ಲಿ ಮೊದಲ ‘ಬೇಡ’ ನಮಸ್ಕಾರದಂಥದ್ದು. ಎರಡನೆಯದು ಮರ್ಯಾದೆಗೆ. ಮೂರನೇ ಸಲ ಕೇಳಿದಾಗ ಹೇಳುವುದು ಉತ್ತರ. ಚಿಕ್ಕವಳಿದ್ದಾಗ ಬಸ್ಸಿನಲ್ಲಿ ಅಜ್ಜಿಯ ಊರಾದ ಆವನಿಗೆ ಹೋಗುವಾಗ ಅಮ್ಮ ದಾರಿಯುದ್ದಕ್ಕೂ ಇದರ ಪಾಠ ಮಾಡುತ್ತಿದ್ದಳು. “ಕೊಟ್ ತಕ್ಷಣ ಕೈ ಚಾಚ್ಬೇಡ. ಬರಗೆಟ್ಟೋರ್ ಥರ ಕಾಣುತ್ತೆ.” ನಾನು ಶ್ರದ್ಧೆಯಿಂದ ಬೇಡ ಎನ್ನುತ್ತಿದ್ದೆ. ಒಮ್ಮೆ ಯಾರದೋ ಮನೆಯಲ್ಲಿ ಆತುರದ ಹೆಂಗಸೊಬ್ಬರು, “ಮಗೀಗೆ ಹೊಟ್ಟೆ ತುಂಬೈತೆ” ಎಂದು ಬೆಣ್ಣೆ ಬಿಸ್ಕತ್ತಿನ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದರು. ವಾಪಸು ಬರುವ ಬಸ್ಸಿನಲ್ಲಿ ನಾನು ಅತ್ತದ್ದಕ್ಕೆ ಕಂಡಕ್ಟರೇ ಸಾಕ್ಷಿ.

ದೊಡ್ಡವಳಾದ ಮೇಲೆ ಸೇಡು ತೀರಿಸಿಕೊಂಡೆ. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಪರವೋ ವಿರೋಧವೋ ಎಂಬ ಚೀಟಿ ಎತ್ತಿದ ಮೇಲೆಯೇ ನನ್ನ ಅಭಿಪ್ರಾಯ ಏನೆಂದು ನನಗೆ ಗೊತ್ತಾಗುತ್ತಿದ್ದದ್ದು. ಉಪಚಾರ ಎನ್ನುವುದು ಸುಳ್ಳಿನ ದಿನನಿತ್ಯದ ಅಭ್ಯಾಸ ಎಂದು ಐದು ನಿಮಿಷ ಗುಡುಗಿ ಒಂದು ಕಪ್ಪನ್ನೂ ಗೆದ್ದೆ. ಅದನ್ನು ಹಿಡಿದುಕೊಂಡೇ ಗೆಳತಿಯ ಮನೆಗೆ ಹೋದೆ. ಅವರಮ್ಮ ಕಾಫಿ ತಂದರು. “ಅಯ್ಯೋ, ಬೇಡ ಆಂಟಿ” ಎಂದೆ.

ಆ ಬಡಿಸುವವನನ್ನು ನೋಡಿದಾಗ ನನಗೆ ನೆನಪಾದದ್ದು ಇಂಗ್ರಿಡ್.

ನಮ್ಮ ಮನೆಯ ಮಹಡಿ ಖಾಲಿಯಾಗಿದ್ದಾಗ ಬಾಡಿಗೆಗೆ ಬಂದವರು ಅವರು. ಜರ್ಮನಿಯ ಯಾವುದೋ ಸಣ್ಣ ಊರಿನವರು. ಐವತ್ತು ದಾಟಿದ ಒಂಟಿ ಹೆಂಗಸು. ಊರಾಚೆಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ, ಲೋಹದ ಹಾಳೆ ಒತ್ತುವ ಭಾರಿ ಯಂತ್ರಗಳನ್ನು ಕೂರಿಸಿ ನಮ್ಮವರಿಗೆ ನಡೆಸಲು ಕಲಿಸುವ ಎಂಜಿನಿಯರು. ಕಂಪನಿ ಬೆಂಗಳೂರಿನಲ್ಲಿ ಫ್ಲಾಟು ಕೊಡುತ್ತೇನೆಂದಿತ್ತಂತೆ. ದಿನಕ್ಕೆ ನಾಲ್ಕು ಗಂಟೆ ಕಾರಿನಲ್ಲಿ ಕೂರುವುದಕ್ಕಿಂತ ಕೋಲಾರದಲ್ಲೇ ಇರುತ್ತೇನೆ ಎಂದು ಇವರು ಹಠ ಹಿಡಿದರು. ಒಂದು ವರ್ಷದ ಮಾತು. ಬೇಕೆಂದರೆ ಇನ್ನೊಂದು ವರ್ಷ.

ವಿದೇಶವಾಸದ ಸುಖದುಃಖಗಳ ಬಗ್ಗೆ ಹೋಗಿ ಬಂದವರು ಬರೆಯುತ್ತಾರೆ. ನಾನು ಪಾಸ್‌ಪೋರ್ಟು ಕೂಡ ಮಾಡಿಸಿದವಳಲ್ಲ. ಆದರೆ ಒಂದು ವರ್ಷ ನಾನು ವಿದೇಶದಲ್ಲೇ ಇದ್ದೆ ಎಂದು ವಾದಿಸಬಲ್ಲೆ. ಇಂಗ್ರಿಡ್ ಬಂದ ದಿನದಿಂದ ನಮ್ಮ ಬೀದಿಯೇ ಒಂದು ವಿದೇಶವಾಗಿತ್ತು; ಅದನ್ನು ಅವರಿಗೆ ತೋರಿಸುವ ಗೈಡು ನಾನು, ಸಂಬಳವಿಲ್ಲದೆ, ಯಾರೂ ಕೇಳದೆ.

ಸುಖಗಳು ಇದ್ದವು. ಬೆಳಗ್ಗೆ ಮಹಡಿಯ ಮೇಲೆ ನಿಂತು ಅಂತರಗಂಗೆಯ ಬೆಟ್ಟಕ್ಕೆ ಬಿಸಿಲು ಏರುವುದನ್ನು ಅವರು ಟೀ ಆರುವವರೆಗೆ ನೋಡುತ್ತಿದ್ದರು. ಹುಟ್ಟಿದಾಗಿನಿಂದ ಅಲ್ಲೇ ಇದ್ದ ಬೆಟ್ಟವನ್ನು ನಾನೂ ಆಗ ಮೊದಲ ಸಲ ನೋಡಿದೆ. ಟೊಮೆಟೊ ಮಾರುಕಟ್ಟೆಗೆ ಕರೆದುಕೊಂಡು ಹೋದಾಗ ಕ್ರೇಟುಗಳ ಗುಡ್ಡಗಳ ನಡುವೆ ಚಿಕ್ಕ ಹುಡುಗಿಯಂತೆ ಓಡಾಡಿದರು. ವಾರದಲ್ಲಿ ಇಡೀ ಬೀದಿಗೆ ಅವರ ಗುರುತಾಯಿತು. ಹೊಸ ಚಪ್ಪಲಿ ಕೊಂಡ ದಿನ ಐದು ಜನ ನಿಲ್ಲಿಸಿ ಬೆಲೆ ಕೇಳಿದರಂತೆ. “ನಮ್ಮೂರಲ್ಲಿ ನಾನು ಆನೆ ಕೊಂಡರೂ ಯಾರೂ ಕೇಳುವುದಿಲ್ಲ” ಎಂದು ಅದನ್ನು ಸಂತೋಷದಿಂದಲೇ ಹೇಳಿದರು.

ಭಾಷೆಯದೊಂದು ಕಥೆ. ನನ್ನ ಹತ್ತಿರ ಇಂಗ್ಲಿಷ್ ಆಡುತ್ತಿದ್ದ ಇಂಗ್ರಿಡ್, ಕನ್ನಡ ಕಲಿಯಲೇಬೇಕೆಂದು ದಿನಾ ಸಂಜೆ ನಮ್ಮಜ್ಜಿಯ ಮುಂದೆ ಪುಸ್ತಕ ಪೆನ್ಸಿಲು ಹಿಡಿದು ಕೂರುತ್ತಿದ್ದರು. ಅಜ್ಜಿ ಅಮ್ಮನ ತಾಯಿ, ನಮ್ಮ ಜೊತೆಗೇ ಇರುವವಳು. ನೀರು ತೋರಿಸಿ “ನೀಳ್ಳು” ಎನ್ನುವಳು. ತಟ್ಟೆಗೆ ಬಡಿಸುತ್ತಾ “ಇಂಕಾ ಕೊಂಚಂ” ಎನ್ನುವಳು. ಇಂಗ್ರಿಡ್ ಬರೆದುಕೊಳ್ಳುವರು. ಒಂದು ತಿಂಗಳಾದ ಮೇಲೆ ಆ ಪುಸ್ತಕ ನನ್ನ ಕೈಗೆ ಸಿಕ್ಕಿತು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅಪ್ಪಟ ತೆಲುಗು.

“ಅಜ್ಜೀ, ಅವ್ರು ಕನ್ನಡ ಕಲೀಬೇಕಂತ ಕೂತಿರೋದು!”

“ಹೌದಾ?” ಅಜ್ಜಿಗೆ ನಿಜವಾಗಿ ಆಶ್ಚರ್ಯವಾಯಿತು. “ನಾನ್ ಅದನ್ನೇ ತಾನೇ ಹೇಳ್ಕೊಡ್ತಿರೋದು?”

ತಮಾಷೆಯೆಂದರೆ ಕಾರ್ಖಾನೆಯಲ್ಲಿ ಇದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ಅಲ್ಲಿನ ಅರ್ಧ ಜನ ಅಜ್ಜಿಯ ಭಾಷೆಯವರೇ.

ಇನ್ನು ನಾನು ಕಲಿಸಿದ್ದು. ಅಮ್ಮ ಕೊಟ್ಟದ್ದನ್ನೆಲ್ಲ ಇಂಗ್ರಿಡ್ ಥಟ್ಟನೆ ತೆಗೆದುಕೊಳ್ಳುತ್ತಿದ್ದರು. ತಾವು ಏನಾದರೂ ಕೊಡಲು ಬಂದು, ಅಮ್ಮ ಬೇಡ ಎಂದರೆ, ಸರಿ ಎಂದು ಥಟ್ಟನೆ ವಾಪಸು ಹೋಗುತ್ತಿದ್ದರು. ಅವರು ಮೆಟ್ಟಿಲು ಹತ್ತಿದ ಮೇಲೆ ಅಮ್ಮ, “ಇನ್ನೊಂದ್ ಸಲ ಕೇಳಿದ್ರೆ ತಗೊಂತಿದ್ದೆ” ಎಂದು ಗೊಣಗುವಳು. ಆದ್ದರಿಂದ ನಾನು ಮೂರು ಸಲದ ನಿಯಮವನ್ನು ಇಂಗ್ರಿಡ್‌ಗೆ ವಿವರಿಸಿದೆ. ಅವರು ಅದನ್ನು ಯಂತ್ರದ ಕೈಪಿಡಿಯಂತೆ ಬರೆದುಕೊಂಡರು.

ಮರುದಿನ ಆಟೋದವನೊಬ್ಬ “ಬರಲ್ಲ ಮೇಡಂ” ಎಂದನಂತೆ. ಇಂಗ್ರಿಡ್ ಅಲ್ಲೇ ನಿಂತು, ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೆರಡು ಸಲ ಕೇಳಿದರು. ಅವನು ಹೆದರಿ ಗಾಡಿ ಸ್ಟಾರ್ಟ್ ಮಾಡಿದ. ನಿಯಮ ರುಜುವಾತಾಯಿತು. ಆ ಶನಿವಾರ ಕೇಕು ಬೇಯಿಸಿ ಅಮ್ಮನ ಮುಂದೆ ಹಿಡಿದರು. ಶನಿವಾರ ಅಮ್ಮನದು ಒಪ್ಪತ್ತು, ಕೇಕಿನಲ್ಲಿ ಮೊಟ್ಟೆ. ಅಮ್ಮ ಬೇಡ ಎಂದಳು. ಇಂಗ್ರಿಡ್ ನಗುತ್ತಾ ಮತ್ತೆ ಕೇಳಿದರು. ಮೂರನೇ ಸಲಕ್ಕೆ ಅಮ್ಮ ಸೋತು, “ನಾಳೆ ತಿಂತೀನಿ” ಎಂದು ಫ್ರಿಜ್ಜಿನಲ್ಲಿಟ್ಟಳು. ಭಾನುವಾರ ಬೆಳಗ್ಗೆ ಏಳಕ್ಕೆ ಬಾಗಿಲು ಬಡಿಯಿತು. ನಾಳೆ ಬಂದಿದೆ, ತಿಂದಿರಾ, ರುಚಿ ಹೇಗಿತ್ತು? ಅಷ್ಟರೊಳಗೆ ಕೇಕು ನನ್ನ ಹೊಟ್ಟೆ ಸೇರಿತ್ತು. ಅಮ್ಮ ಅದರ ರುಚಿಯನ್ನು ನನ್ನ ಮುಖ ನೋಡಿಕೊಂಡು ವರ್ಣಿಸಿದಳು.

ಹೀಗೆ ನಗುನಗುತ್ತಾ ವರ್ಷ ಕಳೆಯಿತು ಎಂದು ನಾನು ಅಂದುಕೊಂಡಿದ್ದೆ. ಸಂಕ್ರಾಂತಿ ಕಳೆದ ಒಂದು ಗುರುವಾರ ಸಂಜೆ ಬಟ್ಟೆ ತೆಗೆಯಲು ಮೇಲೆ ಹೋದಾಗ ಇಂಗ್ರಿಡ್ ಹೇಳಿದರು: “ಇನ್ನೊಂದು ವರ್ಷ ಇರುತ್ತೀರಾ ಎಂದು ಕಂಪನಿ ಕೇಳಿದೆ. ಸೋಮವಾರದೊಳಗೆ ಉತ್ತರ ಬರೆಯಬೇಕು. ಇಲ್ಲ ಎಂದು ಬರೆಯುತ್ತೇನೆ.”

ಅವರನ್ನು ಉಳಿಸಿಕೊಳ್ಳಬೇಕೆಂದು ಆಗಲೇ ತೀರ್ಮಾನಿಸಿದೆ. ಕಾರಣ ಸ್ವಾರ್ಥದ್ದು. ಕಾಲೇಜು ಮುಗಿದ ಮೇಲೆ ನನ್ನೊಡನೆ ವಾದಕ್ಕೆ ಕೂರುವ ಪ್ರಾಣಿ ಊರಿನಲ್ಲಿ ಉಳಿದಿರಲಿಲ್ಲ. ಮನೆಯಲ್ಲಿ ನಾನು ಬಾಯಿ ತೆರೆದರೆ ಅಪ್ಪ ಪೇಪರು ಎತ್ತಿಕೊಳ್ಳುವರು, ಅಮ್ಮ ಮಿಕ್ಸಿ ಹಾಕುವಳು. ಇಂಗ್ರಿಡ್ ಒಬ್ಬರೇ “ತಪ್ಪು, ಏಕೆಂದರೆ” ಎಂದು ಶುರುಮಾಡುತ್ತಿದ್ದವರು. ಆ ‘ಏಕೆಂದರೆ’ಗೆ ನಾನು ಸಂಜೆಯವರೆಗೆ ಕಾಯುತ್ತಿದ್ದೆ.

“ಏಕೆ? ಇಲ್ಲಿ ನಿಮಗೆ ಏನು ಕಡಿಮೆಯಾಗಿದೆ?”

“ಏನೂ ಕಡಿಮೆಯಿಲ್ಲ. ಅದೇ ಕಷ್ಟ. ನಾನು ಬಂದರೆ ಕುರ್ಚಿ ಬರುತ್ತದೆ, ಫ್ಯಾನು ನನ್ನ ಕಡೆ ತಿರುಗುತ್ತದೆ. ನೀವೆಲ್ಲ ನೆಲದ ಮೇಲೆ ಕೂತು ಮಾತಾಡುತ್ತೀರಿ, ನಾನು ಮೇಲಿನಿಂದ ನೋಡುತ್ತೇನೆ. ನಿಮ್ಮ ಮೋಟರು ಕೆಟ್ಟಾಗ ನೆನಪಿದೆಯಾ?”

ನೆನಪಿತ್ತು. ಸಂಪಿನ ಮೋಟರು ಕೆಟ್ಟು, ರಿಪೇರಿಯವನು ಬರಲು ನಾಲ್ಕು ದಿನವಾಗಿತ್ತು. ಇಂಗ್ರಿಡ್ ತಮ್ಮ ಉಪಕರಣಗಳ ಪೆಟ್ಟಿಗೆ ಹಿಡಿದು ದಿನಾ ಬೆಳಗ್ಗೆ ಇಳಿದು ಬರುವರು. “ಅಯ್ಯೋ, ನೀವ್ಯಾಕೆ ಮೇಡಮ್ಮು” ಎಂದು ಅಮ್ಮ ದಿನಾ ಅವರನ್ನು ಮೇಲಕ್ಕೆ ಕಳಿಸುವಳು. ಮೂರು ಸಲವಲ್ಲ, ಎಂಟು ಸಲ ಕೇಳಿದ್ದರು. ನಿಯಮ ಅಲ್ಲಿ ಕೆಲಸ ಮಾಡಲಿಲ್ಲ. ಮನೆಯಲ್ಲಿ ಒಬ್ಬ ಎಂಜಿನಿಯರನ್ನು ಇಟ್ಟುಕೊಂಡು ನಾಲ್ಕು ದಿನ ನಾವು ಬಕೆಟ್ಟಿನಲ್ಲಿ ನೀರು ಹೊತ್ತೆವು, ಅವರ ಬಕೆಟ್ಟನ್ನೂ ಸೇರಿಸಿ.

ನಾನು ವಾದಕ್ಕಿಳಿದೆ. ಅತಿಥಿಗೆ ನಮ್ಮಲ್ಲಿ ಎಂಥ ಸ್ಥಾನವಿದೆ, ಗೌರವವೂ ಪ್ರೀತಿಯ ಒಂದು ರೂಪವಲ್ಲವೇ, ಬೇರೆ ದೇಶಗಳಲ್ಲಿ ಹೊರಗಿನವರನ್ನು ಬಾಗಿಲಲ್ಲೇ ನಿಲ್ಲಿಸುತ್ತಾರಲ್ಲ. ಅವರು ಪೂರ್ತಿ ಕೇಳಿದರು.

“ಒಂದು ದಿನ ಅತಿಥಿಯಾಗಿರುವುದು ಹಬ್ಬ. ಒಂದು ವರ್ಷ ಅತಿಥಿಯಾಗಿರುವುದು ಅಂದರೆ ಒಂದು ವರ್ಷ ಹೊರಗೇ ಇರುವುದು. ಈ ವರ್ಷದಲ್ಲಿ ನೀನು ನನ್ನಿಂದ ಏನಾದರೂ ಕೇಳಿದ್ದೀಯಾ? ಒಂದು ಸೂಜಿ? ಒಂದು ಈರುಳ್ಳಿ?”

ಬಟ್ಟೆ ಎತ್ತಿಕೊಂಡು ಕೆಳಗೆ ಬಂದೆ.

ಕೆಳಗೆ ನನಗೆ ಇನ್ನೂ ಸುಲಭದ ಎದುರಾಳಿಗಳಿದ್ದಾರೆ ಎಂದುಕೊಂಡಿದ್ದೆ. ಅವರಿಗೆ ಏನಾದರೂ ಕೆಲಸ ಹೇಳಿ, ಇಲ್ಲವಾದರೆ ಹೊರಟುಹೋಗುತ್ತಾರೆ ಎಂದು ಅಜ್ಜಿಯ ಕಿವಿಗೆ ಬೀಳದಂತೆ ಹೇಳಿದೆ. ಅಮ್ಮನಿಗೆ ಅವರು ಹೋಗುವುದು ಬೇಕಿರಲಿಲ್ಲ. ಕಣ್ಣಲ್ಲಿ ನೀರೇ ಬಂತು. ಆದರೂ, “ಮನೆಗ್ ಬಂದೋರ್ ಕೈಲಿ ಕೆಲ್ಸ ಮಾಡ್ಸೋದಾ? ನಾಳೆ ಅವ್ರೂರಲ್ಲಿ ಹೋಗಿ ಏನಂತ ಹೇಳ್ತಾರೆ?” ಎಂದಳು.

“ಏನೂ ಕೆಲಸ ಕೊಡಲಿಲ್ಲ ಅಂತ ಹೇಳ್ತಾರಮ್ಮ!”

“ನಿನ್ ಡಿಬೇಟು ಕಾಲೇಜಲ್ಲಿಟ್ಕೊ. ಬಟ್ಟೆ ಮಡಚು.”

ಶುಕ್ರವಾರ ನಾನೇ ಕಾರ್ಯಾಚರಣೆಗೆ ಇಳಿದೆ. ನಮ್ಮ ಮಿಕ್ಸಿಯ ತಳದ ಒಂದು ಸ್ಕ್ರೂ ಸಡಿಲಿಸಿ, ಗಡಗಡ ಸದ್ದು ಬರುವಂತೆ ಮಾಡಿ, ಮಹಡಿಗೆ ಹೊತ್ತುಕೊಂಡು ಹೋದೆ. “ಇಂಗ್ರಿಡ್, ಒಂದು ಸಹಾಯ ಬೇಕಿತ್ತು.” ಅವರ ಮುಖ ಅರಳಿದ್ದನ್ನು ಇಂದಿಗೂ ಮರೆತಿಲ್ಲ. ಕನ್ನಡಕ ಹಾಕಿಕೊಂಡು, ಮಿಕ್ಸಿಯನ್ನು ಮಗುಚಿ, ಅರ್ಧ ನಿಮಿಷ ನೋಡಿದರು. ಅರಳಿದ್ದು ಮುದುಡಿತು.

“ಈ ಸ್ಕ್ರೂ ತಾನಾಗಿ ಸಡಿಲವಾಗಿಲ್ಲ. ಇಲ್ಲಿ ಹೊಸ ಗೀರು ಇದೆ. ನಿನ್ನ ಸ್ಕ್ರೂಡ್ರೈವರು ಅಳತೆಗೆ ದೊಡ್ಡದಾಯಿತು.” ಮೂರು ತಿರುವು ತಿರುಗಿಸಿ ವಾಪಸು ಕೊಟ್ಟರು. “ಅಳುವ ಮಗುವಿಗೆ ಗಿಲಕಿ ಕೊಡುತ್ತಾರೆ. ನಾನು ಅತ್ತಿರಲಿಲ್ಲವಲ್ಲ?”

ಕಪ್ಪು ಗೆದ್ದವಳು ಮಿಕ್ಸಿ ಹೊತ್ತುಕೊಂಡು ಇಳಿದು ಬಂದಳು.

ಶನಿವಾರ ಅವರು ತಮ್ಮ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುವ ಸದ್ದು ಕೆಳಗೆ ಕೇಳುತ್ತಿತ್ತು. ನಾನು ಇನ್ನಷ್ಟು ಅಂಶಗಳನ್ನು ಹಾಳೆಯ ಮೇಲೆ ಬರೆದು, ಹೊಡೆದುಹಾಕಿ, ಮತ್ತೆ ಬರೆದೆ. ಒಂದೂ ಮೆಟ್ಟಿಲು ಹತ್ತುವಷ್ಟು ಗಟ್ಟಿಯಾಗಿರಲಿಲ್ಲ.

ಭಾನುವಾರ ಮಧ್ಯಾಹ್ನದ ಊಟಕ್ಕೆ ಮಾಲೂರಿನಿಂದ ಚಿಕ್ಕಮ್ಮನ ಮನೆಯವರು, ಒಟ್ಟು ಹನ್ನೊಂದು ಜನ ಬರುವವರಿದ್ದರು. ಅವರೆಕಾಯಿಯ ಕಾಲ. ಬಂದವರಿಗೆ ಹಿತಕಿದ ಬೇಳೆ ಸಾರು ಮಾಡದಿದ್ದರೆ ಆ ಮನೆಯ ಹೆಸರು ಮುಂದಿನ ಸುಗ್ಗಿಯವರೆಗೂ ನೆಟ್ಟಗಾಗುವುದಿಲ್ಲ. ತಿನ್ನಲು ಸ್ವರ್ಗವಾದ ಈ ಬೇಳೆಯ ಹಿಂದೆ ಒಂದು ನರಕವಿದೆ. ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹೆಬ್ಬೆರಳು ತೋರುಬೆರಳ ನಡುವೆ ಹಿತಕಿ, ಸಿಪ್ಪೆಯಿಂದ ಬೇಳೆಯನ್ನು ಪುಳಕ್ಕೆಂದು ಹೊರತೆಗೆಯಬೇಕು. ಹನ್ನೊಂದು ನೆಂಟರಿಗೆಂದರೆ ದೊಡ್ಡ ಬೋಗುಣಿಯ ತುಂಬ ಕಾಳು. ಮನೆಯ ಹೆಂಗಸರೆಲ್ಲ ಸುತ್ತ ಕೂತರೂ ಎರಡು ಗಂಟೆಯ ಕೆಲಸ.

ಆ ಬೆಳಗ್ಗೆ ಮುಳಬಾಗಿಲಿನ ಒಂದು ಶಾಲೆಯಲ್ಲಿ ಮಕ್ಕಳ ಚರ್ಚಾಸ್ಪರ್ಧೆಗೆ ನಾನು ತೀರ್ಪುಗಾರ್ತಿ. ಹತ್ತಕ್ಕೆ ವಾಪಸು ಬಂದು ಬೇಳೆಗೆ ಕೂರುತ್ತೇನೆ ಎಂದು ಮಾತು ಕೊಟ್ಟು ಹೋಗಿದ್ದೆ. ಸ್ಪರ್ಧೆ ಒಂಬತ್ತೂವರೆಗೇ ಮುಗಿಯಿತು. ಆಮೇಲೆ ಶಾಲೆಯವರು, ತೀರ್ಪುಗಾರರು ಎರಡು ಮಾತಾಡಬೇಕು ಎಂದರು. ಬೇಡ ಎಂದೆ. ಅವರು ಸರಿಯಾಗಿ ಬಲವಂತ ಮಾಡಿದರು. ಬೋಗುಣಿ ಕಣ್ಣ ಮುಂದೆ ಬಂತು, ಮಾತು ಉದ್ದವಾಯಿತು. ಮನೆ ಮುಟ್ಟಿದಾಗ ಹನ್ನೆರಡಾಗಿತ್ತು.

ಚಪ್ಪಲಿ ಬಿಡುತ್ತಿದ್ದಾಗಲೇ ಅಜ್ಜಿಯ ಕೂಗು ಕೇಳಿಸಿತು. ಬೈಗುಳ ನನಗೇ ಇರಬೇಕೆಂದು ಬಾಗಿಲಲ್ಲೇ ತಲೆ ತಗ್ಗಿಸಿದೆ.

“ಅಟ್ಲಾ ಕಾದು! ಹಂಗಲ್ಲ ಅಂತ ಎಷ್ಟ್ ಸಲ ಹೇಳ್ಲಿ? ಬುಡಕ್ ಒತ್ತಿದ್ರೆ ಮುರೀತೈತೆ. ಮೂತಿ ಮುಂದಕ್ ಮಾಡಿ ಮೆತ್ತಗ್ ಒತ್ತು. ಮೆತ್ತಗೆ!”

ಒಳಗೆ ನಡುಮನೆಯ ಚಾಪೆಯ ಮೇಲೆ ಇಂಗ್ರಿಡ್ ಕೂತಿದ್ದರು. ಮಡಚಲು ಬಾರದ ಉದ್ದ ಕಾಲುಗಳು ಬೋಗುಣಿಯ ಎರಡೂ ಪಕ್ಕ ಚಾಚಿಕೊಂಡಿದ್ದವು. ಮೂಗಿನ ಮೇಲೆ ಒಂದು ಸಿಪ್ಪೆ ಅಂಟಿತ್ತು. ಲೋಹದ ಹಾಳೆಯನ್ನು ಎಷ್ಟು ಒತ್ತಬೇಕೆಂದು ಊರಿಗೆಲ್ಲ ಕಲಿಸಿದವರ ಕೈಯಲ್ಲಿ ಒಂದು ಅವರೆಕಾಳು ಪಚಕ್ಕೆಂದು ಹೋಳಾಯಿತು.

“ನೋಡು, ಮತ್ತೆ!” ಅಜ್ಜಿ ಅವರ ಕೈಯ ಮೇಲೆ ಫಟ್ಟನೆ ಏಟು ಕೊಟ್ಟಳು.

ಆದದ್ದನ್ನು ಅಮ್ಮ ಅಡುಗೆಮನೆಯಲ್ಲಿ ಪಿಸುದನಿಯಲ್ಲಿ ಹೇಳಿದಳು. ಮೇಲಿನ ಟ್ಯಾಂಕು ತುಂಬಿ ಹರಿಯುತ್ತಿದೆ ಎಂದು ತಿಳಿಸಲು ಇಂಗ್ರಿಡ್ ಇಳಿದು ಬಂದಿದ್ದರಂತೆ. ಹತ್ತು ದಾಟಿತ್ತು, ನಾನು ನಾಪತ್ತೆ, ಅಮ್ಮನ ಎರಡೂ ಕೈ ಮಸಾಲೆಯಲ್ಲಿ, ಮುಕ್ಕಾಲು ಬೋಗುಣಿ ಹಾಗೇ ಇತ್ತು. ಅಜ್ಜಿ ತಲೆ ಕೂಡ ಎತ್ತದೆ, “ಮೋಟರ್ ಆಫ್ ಮಾಡಿ ಇಲ್ ಬಂದು ಕೂತ್ಕೊ” ಎಂದಳಂತೆ. “ಅಮ್ಮಾ, ಅವ್ರನ್ನಾ!” ಎಂದು ಅಮ್ಮ ಚೀರಿದ್ದಕ್ಕೆ, “ನೀನ್ ಬಂದ್ ಕೂತ್ಕೊಂತೀಯಾ? ನಿನ್ ಮಗಳ್ ಬರ್ತಾಳಾ? ಇಲ್ಲ ತಾನೇ? ಅವಳ್ಗೂ ಎರಡ್ ಕೈ ಅವೆ” ಎಂದಳಂತೆ.

ಗುರುವಾರದಿಂದ ನಾನು ಆಡಿದ ಮಾತುಗಳಿಂದ ಆಗದ್ದನ್ನು ನಾನು ಎರಡು ಗಂಟೆ ಮನೆಯಲ್ಲಿ ಇಲ್ಲದಿದ್ದದ್ದು ಮಾಡಿತ್ತು. ಇದನ್ನು ನನ್ನ ಸಾಧನೆಯ ಲೆಕ್ಕಕ್ಕೆ ಸೇರಿಸಬಹುದೇ ಎಂದು ಯೋಚಿಸುತ್ತಾ ನಾನೂ ಹೋಗಿ ಚಾಪೆಯ ತುದಿಯಲ್ಲಿ ಕೂತೆ.

“ಬಂದ್ಲಪ್ಪಾ ಜಡ್ಜು” ಎಂದಳು ಅಜ್ಜಿ.

“ಅಜ್ಜಿ ಹೇಳುತ್ತಾರೆ, ನನ್ನ ಬೇಳೆ ನಿನ್ನದಕ್ಕಿಂತ ಪರವಾಗಿಲ್ಲವಂತೆ” ಎಂದರು ಇಂಗ್ರಿಡ್, ಕಣ್ಣು ಕಾಳಿನ ಮೇಲಿಂದ ತೆಗೆಯದೆ.

“ಅದು ಹೊಗಳಿಕೆಯಲ್ಲ. ನನ್ನದು ಈ ಮನೆಯಲ್ಲಿ ಕನಿಷ್ಠ ಅಳತೆ.”

“ಗೊತ್ತು. ಅದನ್ನೂ ಹೇಳಿದರು.” ಒಂದು ಕಾಳು ಪುಳಕ್ಕೆಂದು ಇಡಿಯಾಗಿ ಜಾರಿ ಹೊರಬಂತು. ಅದನ್ನು ಬೆಳಕಿಗೆ ಹಿಡಿದು ನೋಡಿದರು. “ಇದಕ್ಕೆ ಒಂದು ಸಣ್ಣ ಯಂತ್ರ ಮಾಡಬಹುದು. ಎರಡು ರಬ್ಬರಿನ ಉರುಳೆ...”

ನಾನು ಅಜ್ಜಿಗೆ ಹೇಳಿದೆ. ಅಜ್ಜಿ ಮೂಗು ಮುರಿದಳು. “ಮಿಷನ್ನಂತೆ! ಮೊದ್ಲು ಕೈಯಾಗ್ ಮಾಡೋದ್ ಕಲೀಲಿ. ಇವತ್ತು ನಾಲ್ಕಕ್ ಒಂದ್ ಮುರೀತಾಳೆ. ಬರೋ ವರ್ಷ ಒಳ್ಳೇ ಕೈಯಾಗ್ತೈತೆ.”

“ಬರೋ ವರ್ಷ ಅವ್ರು ಇರಲ್ಲ ಅಜ್ಜಿ. ನಾಳೆಯೊಳಗೆ ಕಂಪ್ನಿಗೆ ಬರೀತಾರೆ.”

ಅಜ್ಜಿ ಹಿತಕುವುದನ್ನು ನಿಲ್ಲಿಸಿದಳು. ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಯಾರಾದರೂ ಏನಾದರೂ ಮನ ಕರಗುವ ಮಾತು ಆಡುತ್ತಾರೆಂದು ನಾನು ಕಾದೆ. ಅಜ್ಜಿಗೆ ಸಿಟ್ಟು ಬಂದಿತ್ತು. ಇಂಗ್ರಿಡ್ ಕಡೆ ತಿರುಗಿ, ತಮ್ಮಿಬ್ಬರ ತೆಲುಗಿನಲ್ಲೇ ಜೋರು ಮಾಡಿದಳು. ಕನ್ನಡದಲ್ಲಿ ಅದು ಹೀಗಿತ್ತು: ಹೋಗೋಳಾಗಿದ್ದರೆ ಮೊದಲೇ ಹೇಳಬೇಕಿತ್ತು, ಎರಡು ಗಂಟೆ ಬಾಯಿ ನೋಯಿಸಿಕೊಂಡು ಕಲಿಸಿದ್ದು ಯಾರಿಗೆ?

ಇಂಗ್ರಿಡ್ ಅಜ್ಜಿಯನ್ನೇ ನೋಡಿದರು. ಆಮೇಲೆ ಕೈಯನ್ನು ಕುರ್ತಾಗೆ ಒರೆಸಿಕೊಂಡು, ಜೇಬಿನಿಂದ ಫೋನು ತೆಗೆದು, ಹೆಬ್ಬೆರಳು ಒತ್ತಿದರು. ಫೋನು ತೆರೆಯಲಿಲ್ಲ. ಉಜ್ಜಿ ಮತ್ತೆ ಒತ್ತಿದರು. ತೆರೆಯಲಿಲ್ಲ. ಎರಡು ಗಂಟೆ ಅವರೆಯ ನೀರಿನಲ್ಲಿ ನೆಂದು ಬೆರಳ ತುದಿಯ ಗೆರೆಗಳೆಲ್ಲ ಸುಕ್ಕಾಗಿದ್ದವು; ಫೋನಿಗೆ ಒಡತಿಯ ಗುರುತೇ ಸಿಗಲಿಲ್ಲ. ಅವರು ಆ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು ನಗತೊಡಗಿದರು. ಆಮೇಲೆ ಫೋನನ್ನು ನನ್ನ ಮಡಿಲಿಗೆ ಎಸೆದು, ತೆರೆಯುವ ಅಂಕಿಗಳನ್ನು ಎಲ್ಲರಿಗೂ ಕೇಳುವಂತೆ ಹೇಳಿದರು.

“ಕಂಪನಿಗೆ ಬರೆ. ಇನ್ನೊಂದು ವರ್ಷ ಇರುತ್ತೇನೆ.”

ಬರೆದೆ. ಇಷ್ಟು ದೊಡ್ಡ ತೀರ್ಮಾನಕ್ಕೆ ಒಂದೇ ಸಾಲು ನನಗೆ ತೀರಾ ಬರಡಾಗಿ ಕಂಡಿತು.

“ಕಾರಣ ಏನೆಂದು ಹಾಕಲಿ? ಮೂರು ಅಂಶಗಳನ್ನಾದರೂ...”

“ಕಳಿಸು.”

ಕಳಿಸಿದೆ. ಅಷ್ಟರಲ್ಲಿ ಹೊರಗೆ ಆಟೋಗಳು ನಿಂತು, ಮಾಲೂರಿನವರ ಗದ್ದಲ ಕೇಳಿಸಿತು. ಅಜ್ಜಿ ಬೋಗುಣಿಯನ್ನು ನನ್ನ ಮತ್ತು ಇಂಗ್ರಿಡ್ ನಡುವೆ ತಳ್ಳಿ, ಮಂಡಿ ಹಿಡಿದುಕೊಂಡು ಎದ್ದಳು.

“ನೆಂಟ್ರು ಬಂದ್ರು, ನಾನ್ ಹೋಗಿ ಕುರ್ಚಿ ಹಾಕ್ತೀನಿ. ನೀವಿಬ್ರೂ ಬೇಗ್ ಬೇಗ ಮುಗ್ಸಿ.”